ಕ್ರೀಡಾಂಗಣದ ಹೆಸರು ಮಾರುವವರಿಗೂ ಕೊಳ್ಳುವವರಿಗೂ ಒಂದು ಬಹಿರಂಗ ಪತ್ರ

ಕ್ರೀಡಾಂಗಣಗಳ ಮಾಲೀಕರಿಗೆ, ಕ್ಲಬ್‌ಗಳ ಆಡಳಿತ ಮಂಡಳಿಗಳಿಗೆ, ಹೆಸರಿನ ಹಕ್ಕು ಕೊಳ್ಳುವ ಕಂಪನಿಗಳ ಮುಖ್ಯಸ್ಥರಿಗೆ,

ನಮಸ್ಕಾರ.

ಪಂದ್ಯ ಮುಗಿದ ಮೇಲೂ ಟಿಕೆಟ್ ಎಸೆಯದೆ ಇಟ್ಟುಕೊಳ್ಳುವವರಲ್ಲಿ ನಾನೂ ಒಬ್ಬ. ಕಪಾಟಿನ ಮೇಲೊಂದು ತಗಡಿನ ಡಬ್ಬಿಯಿದೆ, ಅದರ ತುಂಬ ಹಳೆಯ ಟಿಕೆಟ್‌ಗಳು. ಮೊನ್ನೆ ಮಗಳು ಅದನ್ನು ಕೆಳಗಿಳಿಸಿ ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮೂರನ್ನು ಆರಿಸಿ ತಂದು ಕೇಳಿದಳು: ‘ಅಪ್ಪಾ, ಈ ಮೂರು ಸ್ಟೇಡಿಯಂ ಎಲ್ಲೆಲ್ಲಿವೆ?’

ಮೂರೂ ಒಂದೇ. ಗೇಟು ಅದೇ, ಸ್ಟ್ಯಾಂಡು ಅದೇ, ಸಾಲು ಅದೇ. ಎರಡು ಟಿಕೆಟ್‌ಗಳಲ್ಲಂತೂ ಸೀಟಿನ ಸಂಖ್ಯೆ ಕೂಡ ಅದೇ. ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ ಹೆಸರು ಮಾತ್ರ ಒಂದೊಂದರಲ್ಲಿ ಒಂದೊಂದು. ಮೊದಲನೆಯದು ನಾನು ಹುಟ್ಟುವ ಮುಂಚಿನಿಂದ ಇದ್ದ ಹೆಸರು. ಉಳಿದೆರಡು ಕಂಪನಿಗಳವು. ಅವುಗಳಲ್ಲೊಂದು ಕಂಪನಿ ಈಗ ಇಲ್ಲ.

ಅವಳಿಗೆ ಏನು ಹೇಳಬೇಕೋ ಹೊಳೆಯಲಿಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ಕೇಳುವುದಕ್ಕೇ ಈ ಪತ್ರ.

ಹಳೆಯ ಹೆಸರನ್ನು ಗೋಡೆಯಿಂದ ಇಳಿಸಿದ ದಿನ ನಾನು ಅಲ್ಲೇ ಇದ್ದೆ. ಪಂದ್ಯವಿಲ್ಲದ ದಿನ, ಬೆಳಗಿನ ಹೊತ್ತು. ಕ್ರೇನಿನ ಬುಟ್ಟಿಯಲ್ಲಿ ನಿಂತ ಇಬ್ಬರು ಆಳೆತ್ತರದ ಕಬ್ಬಿಣದ ಅಕ್ಷರಗಳನ್ನು ಒಂದೊಂದಾಗಿ ಬಿಚ್ಚಿ ಹಗ್ಗ ಕಟ್ಟಿ ಕೆಳಗಿಳಿಸುತ್ತಿದ್ದರು. ಕೆಳಗೆ ಹಾಸಿದ್ದ ಟಾರ್ಪಾಲಿನ ಮೇಲೆ ಅವು ಸಾಲುಸಾಲಾಗಿ ಮಲಗಿದ್ದವು. ಕೆಲಸದವರು ಒರಟಾಗಿ ನಡೆದುಕೊಳ್ಳಲಿಲ್ಲ, ಪ್ರತಿ ಅಕ್ಷರವನ್ನೂ ನಿಧಾನವಾಗಿಯೇ ಇಳಿಸಿದರು. ಎಲ್ಲ ಇಳಿದ ಮೇಲೆ ತಲೆಯೆತ್ತಿ ನೋಡಿದರೆ ಹೆಸರು ಇನ್ನೂ ಗೋಡೆಯ ಮೇಲೇ ಇತ್ತು! ಅಷ್ಟು ವರ್ಷ ಬಿಸಿಲು ಮಳೆಗೆ ಗೋಡೆಯೆಲ್ಲ ಬಣ್ಣಗೆಟ್ಟಿತ್ತು, ಅಕ್ಷರಗಳ ಹಿಂದಿನ ಜಾಗ ಮಾತ್ರ ಮೊದಲಿನ ಬಣ್ಣದಲ್ಲೇ ಉಳಿದಿತ್ತು. ಹೊಸ ಬೋರ್ಡು ಬರಲು ಎರಡು ವಾರವಾಯಿತು. ಆ ಎರಡು ವಾರ ದಾರಿಯಲ್ಲಿ ಹೋಗುವವರೆಲ್ಲ ಆ ನೆರಳಿನಂಥ ಹೆಸರನ್ನೇ ಓದಿಕೊಂಡು ಹೋದರು.

ಹೆಸರಿನ ಹಕ್ಕು ಮಾರಿದ ದಿನ ನೀವು ಹೊರಡಿಸುವ ಪ್ರಕಟಣೆಗಳನ್ನು ನಾವು ಪೂರ್ತಿ ಓದುತ್ತೇವೆ. ಅದರಲ್ಲಿ ಮೊತ್ತ ಇರುತ್ತದೆ, ಎಷ್ಟು ವರ್ಷ ಎಂದಿರುತ್ತದೆ, ಕೈ ಕುಲುಕುವ ಚಿತ್ರ ಇರುತ್ತದೆ. ಹಳೆಯ ಹೆಸರಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅಭಿಮಾನಿಗಳು ಸಿಟ್ಟಾದರೆ ನಿಮ್ಮ ಪಾಳೆಯದಿಂದ ಬರುವ ಮಾತು ಪ್ರತಿಸಲವೂ ಒಂದೇ: ಒಂದು ಸೀಸನ್ ಕಳೆಯಲಿ, ಎಲ್ಲರಿಗೂ ರೂಢಿಯಾಗುತ್ತದೆ.

ರೂಢಿಯಾಗುವುದಿಲ್ಲ. ಟೊರಾಂಟೊದಲ್ಲಿ 1989ರಲ್ಲಿ ತೆರೆದ ಸ್ಕೈಡೋಮ್ 2005ರಲ್ಲಿ ರೋಜರ್ಸ್ ಸೆಂಟರ್ ಆಯಿತು. ಇಂದಿಗೂ ಅಲ್ಲಿ ಎಷ್ಟೋ ಜನರ ಬಾಯಲ್ಲಿ ಅದು ಸ್ಕೈಡೋಮೇ. ಜರ್ಮನಿಯ ಫುಟ್‌ಬಾಲ್ ಕ್ಲಬ್ ಡಾರ್ಟ್‌ಮುಂಡ್‌ನ ವೆಸ್ಟ್‌ಫಾಲೆನ್ ಸ್ಟಾಡಿಯಾನ್ 2005ರ ಡಿಸೆಂಬರಿನಿಂದ ಒಂದು ವಿಮಾ ಕಂಪನಿಯ ಹೆಸರಿನಲ್ಲಿ ಸಿಗ್ನಲ್ ಇಡೂನಾ ಪಾರ್ಕ್ ಆಗಿದೆ. ಹಳೆಯ ಹೆಸರು ಅಲ್ಲಿನ ಬೆಂಬಲಿಗರ ನಾಲಗೆಯಿಂದ ಇಳಿದಿಲ್ಲ. ನಮ್ಮ ಕ್ರಿಕೆಟ್ ನೆನಪುಗಳನ್ನೇ ತೆಗೆದುಕೊಳ್ಳಿ. ಸ್ಟುವರ್ಟ್ ಬ್ರಾಡ್‌ನ ಒಂದೇ ಓವರಿನಲ್ಲಿ ಯುವರಾಜ್ ಸಿಂಗ್ ಆರು ಸಿಕ್ಸರ್ ಬಾರಿಸಿದ್ದು ಎಲ್ಲಿ ಎಂದು ಯಾರನ್ನಾದರೂ ಕೇಳಿ. ಡರ್ಬನ್ ಅನ್ನುತ್ತಾರೆ, ಇನ್ನೂ ಆಸಕ್ತಿಯಿದ್ದವರು ಕಿಂಗ್ಸ್‌ಮೀಡ್ ಅನ್ನುತ್ತಾರೆ. 2007ರ ಆ ದಿನಗಳಲ್ಲಿ ಕಿಂಗ್ಸ್‌ಮೀಡ್‌ನ ಮುಂದೆ ಸಹಾರಾ ಎಂಬ ಕಂಪನಿಯ ಹೆಸರು ಅಂಟಿಕೊಂಡಿತ್ತು ಎಂಬುದು ಎಷ್ಟು ಜನಕ್ಕೆ ನೆನಪಿದೆ? ಲಂಡನ್ನಿನ ಓವಲ್‌ನ ಮುಂದೆ 1980ರ ದಶಕದ ಕೊನೆಯಿಂದ ಬಿಯರ್ ಕಂಪನಿ, ಹಣಕಾಸು ಕಂಪನಿ, ವಿಮಾ ಕಂಪನಿ, ಕಾರು ಕಂಪನಿ ಒಂದಾದ ಮೇಲೊಂದರಂತೆ ಬಂದು ನಿಂತಿವೆ. ನಾವು ಓವಲ್ ಅಂದೆವು, ಅನ್ನುತ್ತಿದ್ದೇವೆ.

ಹೆಸರನ್ನು ಕಾಗದದ ಮೇಲೆ ಮಾರಬಹುದು, ಒಪ್ಪುತ್ತೇನೆ. ಕರೆಯುವುದು ಮಾತ್ರ ನಾವು. ನಾವು ಕರೆಯದ ಹೆಸರಿಗೆ ಅಷ್ಟೊಂದು ಹಣ ಸುರಿದು ಕಂಪನಿಗಳಿಗೆ ದಕ್ಕುವುದೇನು ಎಂಬುದು ನನಗೆ ನಿಜಕ್ಕೂ ಅರ್ಥವಾಗದ ವಿಷಯ.

ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನ ಕಥೆ ಕಂಪನಿಗಳ ಮುಖ್ಯಸ್ಥರು ಒಮ್ಮೆ ಓದಲೇಬೇಕು. 1989ರ ಅಕ್ಟೋಬರಿನಲ್ಲಿ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನ ಪಂದ್ಯ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಭೂಕಂಪವಾದದ್ದು ಅದೇ ಕ್ರೀಡಾಂಗಣದಲ್ಲಿ. ತುಂಬಿದ್ದ ಜನರನ್ನು ಹೊತ್ತುಕೊಂಡೇ ಆ ಕಟ್ಟಡ ಅಲುಗಾಡಿತು, ಬೀಳಲಿಲ್ಲ. ಅಂಥ ಜಾಗಕ್ಕೆ 1995ರಲ್ಲಿ 3ಕಾಮ್ ಎಂಬ ಕಂಪ್ಯೂಟರ್ ಜಾಲದ ಕಂಪನಿಯ ಹೆಸರು ಬಂತು. 2004ರಲ್ಲಿ ಅದು ಮಾನ್ಸ್‌ಟರ್ ಪಾರ್ಕ್ ಆಯಿತು. ಮಾನ್ಸ್‌ಟರ್ ಕೇಬಲ್ ಎಂಬ, ಕೇಬಲ್ ತಯಾರಿಸುವ ಕಂಪನಿ ಕೊಂಡ ಹಕ್ಕು ಅದು. ಜನ ಅದನ್ನು ಕೆಲಸ ಹುಡುಕಿಕೊಡುವ ಮಾನ್ಸ್‌ಟರ್ ಜಾಲತಾಣ ಎಂದುಕೊಂಡರು. ಹಣ ಕೊಟ್ಟವರು ಒಬ್ಬರು, ಹೆಸರು ಬಂದದ್ದು ಇನ್ನೊಬ್ಬರಿಗೆ. ಅದೇ ವರ್ಷದ ನವೆಂಬರಿನಲ್ಲಿ ನಗರದ ಮತದಾರರ ಮುಂದೆ ಒಂದು ಪ್ರಸ್ತಾವ ಬಂತು: ಈ ಒಪ್ಪಂದ ಮುಗಿದ ಮೇಲೆ ಹೆಸರು ಕ್ಯಾಂಡಲ್‌ಸ್ಟಿಕ್ ಎಂದೇ ಇರಬೇಕು. ಜನ ಮತಗಟ್ಟೆಗೆ ಹೋಗಿ ಅದನ್ನು ಗೆಲ್ಲಿಸಿದರು. 2008ರಲ್ಲಿ ಹಳೆಯ ಹೆಸರು ಮರಳಿತು, ಕಟ್ಟಡ ಕೆಡವುವವರೆಗೂ ಉಳಿಯಿತು. ಶಾಲೆ, ರಸ್ತೆ, ತೆರಿಗೆಗೆ ಹಾಕುವ ಮತವನ್ನು ಒಂದು ಹೆಸರಿಗೂ ಹಾಕಿದರೆಂದರೆ ಅದನ್ನು ಬರೀ ಭಾವುಕತೆ ಎಂದು ತಳ್ಳಿಹಾಕುವುದು ಸರಿಯಲ್ಲ.

ನ್ಯೂಕಾಸಲ್‌ನಲ್ಲಿ ನಡೆದದ್ದು ಇನ್ನೂ ನೋವಿನದು. ಸೇಂಟ್ ಜೇಮ್ಸ್ ಪಾರ್ಕ್ 1892ರಿಂದ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ನ್ಯೂಕಾಸಲ್ ಯುನೈಟೆಡ್‌ನ ಮನೆ. ಊರಿನ ನಟ್ಟನಡುವೆ, ಎತ್ತರದ ಜಾಗದಲ್ಲಿ, ದೂರದಿಂದಲೇ ಕಾಣುವಂತೆ ನಿಂತಿರುವ ಕ್ರೀಡಾಂಗಣ ಅದು. 2011ರ ನವೆಂಬರಿನಲ್ಲಿ ಕ್ಲಬ್ಬು ಅದನ್ನು ಸ್ಪೋರ್ಟ್ಸ್ ಡೈರೆಕ್ಟ್ ಅರೆನಾ ಎಂದು ಬದಲಿಸಿತು. ಸ್ಪೋರ್ಟ್ಸ್ ಡೈರೆಕ್ಟ್ ಎಂದರೆ ಕ್ಲಬ್‌ನ ಆಗಿನ ಮಾಲೀಕ ಮೈಕ್ ಆಶ್ಲಿಯವರದೇ ಅಂಗಡಿ ಸಾಲು. ಮುಂದೆ ಯಾರಾದರೂ ಪ್ರಾಯೋಜಕರು ಬಂದರೆ ಹೆಸರು ಹೀಗೆ ಕಾಣುತ್ತದೆ ಎಂದು ತೋರಿಸಲು ಹಾಕಿದ ಬೋರ್ಡು ಅದು, ಹೆಚ್ಚುಕಡಿಮೆ ಮಾದರಿ ಮನೆಯ ಹಾಗೆ. ನೂರು ವರ್ಷ ದಾಟಿದ ಹೆಸರನ್ನು ಇಳಿಸಿ ಆ ಜಾಗವನ್ನು ಜಾಹೀರಾತಿನ ಮಾದರಿಯಾಗಿಸಿದರು. ಅಭಿಮಾನಿಗಳು ಪ್ರತಿಭಟಿಸಿದರು, ಹೊಸ ಹೆಸರನ್ನು ಬಾಯಿಗೇ ತರಲಿಲ್ಲ.

ಮುಂದೆ ಆದದ್ದು ಎಲ್ಲ ಕಂಪನಿಗಳಿಗೂ ಪಾಠ. 2012ರ ಅಕ್ಟೋಬರಿನಲ್ಲಿ ವೊಂಗಾ ಎಂಬ ಕಂಪನಿ ಜೆರ್ಸಿಯ ಪ್ರಾಯೋಜಕತ್ವದ ಜೊತೆಗೆ ಕ್ರೀಡಾಂಗಣದ ಹೆಸರಿನ ಹಕ್ಕನ್ನೂ ಕೊಂಡಿತು. ಕೊಂಡು ತನ್ನ ಹೆಸರು ಹಾಕಲಿಲ್ಲ, ಸೇಂಟ್ ಜೇಮ್ಸ್ ಪಾರ್ಕ್ ಎಂಬ ಹೆಸರನ್ನೇ ಮರಳಿ ಇಟ್ಟಿತು. ವೊಂಗಾ ಸಂಬಳದ ದಿನದವರೆಗಿನ ಕೈಸಾಲವನ್ನು ದೊಡ್ಡ ಬಡ್ಡಿಗೆ ಕೊಡುತ್ತಿದ್ದ ಕಂಪನಿ, ಅದರ ವ್ಯವಹಾರವನ್ನು ನಾನು ಸಮರ್ಥಿಸುವುದಿಲ್ಲ. ಆ ಸಾಲದ ಬಗ್ಗೆ ಅಲ್ಲಿನ ಜನರಿಗೇ ಬೇಕಾದಷ್ಟು ಸಿಟ್ಟಿತ್ತು. ಆದರೂ ಜನರ ಮನಸ್ಸಿಗೆ ಹತ್ತಿರವಾಗಲು ಇರುವ ದಾರಿ ಹಳೆಯ ಹೆಸರನ್ನು ವಾಪಸು ಕೊಡುವುದೇ ಎಂಬುದು ಅವರಿಗೆ ತಿಳಿದಿತ್ತು. ಕ್ಲಬ್‌ನ ಮಾಲೀಕರಿಗೆ ತಿಳಿಯದ್ದು ಸಾಲ ಕೊಡುವವರಿಗೆ ತಿಳಿಯಿತು.

ಇಷ್ಟು ಬರೆದೆನೆಂದು ನಮಗೆ ಹಣದ ಕಷ್ಟ ಗೊತ್ತಿಲ್ಲ ಎಂದು ತಿಳಿಯಬೇಡಿ. ಚೆನ್ನಾಗಿ ಗೊತ್ತು. ಒಳ್ಳೆಯ ಆಟಗಾರರು ಬೇಕು, ಮಕ್ಕಳ ತಂಡಕ್ಕೆ ತರಬೇತುದಾರರು ಬೇಕು, ಚಾವಣಿ ಸೋರಬಾರದು, ಟಿಕೆಟ್ ದರ ಏರಬಾರದು ಎಂದು ಕೇಳುವವರೂ ನಾವೇ. ಡಾರ್ಟ್‌ಮುಂಡ್ 2005ರಲ್ಲಿ ದಿವಾಳಿಯ ಅಂಚಿಗೆ ಹೋಗಿ ಬಂದಿತ್ತು. ಕ್ಲಬ್ಬೇ ಮುಳುಗುವಾಗ ಹೆಸರು ಮಾರಿ ಉಳಿಸಿಕೊಂಡರೆ ಅದನ್ನು ತಪ್ಪೆನ್ನಲು ನನ್ನ ನಾಲಗೆ ಏಳುವುದಿಲ್ಲ. ಇದು ನಿನ್ನೆ ಮೊನ್ನೆ ಹುಟ್ಟಿದ ವ್ಯಾಪಾರವೂ ಅಲ್ಲ. ಬಫೆಲೋದ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣಕ್ಕೆ 1973ರಲ್ಲೇ ರಿಚ್ ಎಂಬ ಕಂಪನಿ 25 ವರ್ಷಕ್ಕೆ 15 ಲಕ್ಷ ಡಾಲರ್ ಕೊಟ್ಟು ತನ್ನ ಹೆಸರಿಟ್ಟಿತ್ತು. ಅದಕ್ಕೂ ಹಿಂದೆ, 1953ರಲ್ಲಿ, ಸೇಂಟ್ ಲೂಯಿಸ್‌ನ ಕ್ರೀಡಾಂಗಣಕ್ಕೆ ಬಿಯರಿನ ಹೆಸರಿಡಲು ಹೊರಟ ಬಿಯರ್ ಕಂಪನಿಯ ಮುಖ್ಯಸ್ಥ ಆಗಸ್ಟ್ ಬುಶ್ ಅವರನ್ನು ಬೇಸ್‌ಬಾಲ್ ಆಡಳಿತ ತಡೆಯಿತು. ಅವರು ತಮ್ಮ ಮನೆತನದ ಹೆಸರಿಟ್ಟು, ಎರಡು ವರ್ಷ ಬಿಟ್ಟು ಅದೇ ಹೆಸರಿನ ಬಿಯರ್ ಮಾರುಕಟ್ಟೆಗೆ ಬಿಟ್ಟರು.

ಹೊಸದಾಗಿ ಕಟ್ಟಿದ ಕ್ರೀಡಾಂಗಣಕ್ಕೆ ಕಂಪನಿಯ ಹೆಸರಿಟ್ಟರೆ ನಮ್ಮಲ್ಲಿ ಹೆಚ್ಚಿನವರು ಜಗಳಕ್ಕೆ ಬರುವುದಿಲ್ಲ. ಮ್ಯೂನಿಕ್‌ನ ಅಲಿಯಾನ್ಸ್ ಅರೆನಾ 2005ರಲ್ಲಿ, ಆರ್ಸೆನಲ್‌ನ ಎಮಿರೇಟ್ಸ್ 2006ರಲ್ಲಿ ಬಾಗಿಲು ತೆರೆದಾಗಲೇ ಆ ಹೆಸರುಗಳನ್ನು ಹೊತ್ತು ಬಂದವು. ಗೊಣಗಿದವರು ಇದ್ದರು. ಆದರೂ ಇವತ್ತು ಆರ್ಸೆನಲ್ ಬೆಂಬಲಿಗರು ‘ಎಮಿರೇಟ್ಸ್‌ಗೆ ಹೋಗ್ತಿದ್ದೀನಿ’ ಅನ್ನುವಾಗ ಅದರಲ್ಲಿ ಕಹಿಯಿಲ್ಲ. ಅಲ್ಲಿ ಅಳಿಸಲು ಏನೂ ಇರಲಿಲ್ಲ. ಇಟ್ಟಿಗೆ, ಹುಲ್ಲು, ಹೆಸರು ಎಲ್ಲ ಒಂದೇ ದಿನ ಹುಟ್ಟಿದವು, ನೆನಪುಗಳು ಆಮೇಲೆ ಬಂದು ಕೂತವು.

ಇಲ್ಲಿ ನೀವೊಂದು ಪ್ರಶ್ನೆ ಕೇಳಬಹುದು, ಕೇಳಬೇಕು ಕೂಡ. ಲಾಸ್‌ಏಂಜಲೀಸ್‌ನ ಸ್ಟೇಪಲ್ಸ್ ಸೆಂಟರ್ 2021ರ ಡಿಸೆಂಬರಿನಲ್ಲಿ ಕ್ರಿಪ್ಟೋ.ಕಾಮ್ ಅರೆನಾ ಆದಾಗ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳು ಅಷ್ಟೊಂದು ಸಂಕಟಪಟ್ಟರಲ್ಲ, ಸ್ಟೇಪಲ್ಸ್ ಏನು ಮಹಾಪುರುಷರ ಹೆಸರೇ? ಅದು ಪೆನ್ನು, ಕಾಗದ, ಫೈಲು ಮಾರುವ ಅಂಗಡಿ. ಪಿಟ್ಸ್‌ಬರ್ಗ್‌ನ ಹೈಂಜ್ ಫೀಲ್ಡ್ 2022ರಲ್ಲಿ ಅಕ್ರಿಶರ್ ಸ್ಟೇಡಿಯಂ ಆದಾಗಲೂ ಹಾಗೇ. ಹೈಂಜ್ ಎಂದರೆ ಕೆಚಪ್.

ಈ ಪ್ರಶ್ನೆಯನ್ನು ನಾನು ಬಹಳ ದಿನ ತಲೆಯಲ್ಲಿಟ್ಟುಕೊಂಡು ಓಡಾಡಿದ್ದೇನೆ. 2020ರ ಜನವರಿಯಲ್ಲಿ ಬ್ಯಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್ ತೀರಿಕೊಂಡ ಸುದ್ದಿ ಬಂದಾಗ ಜನ ಯಾರೂ ಕರೆಯದೆ ಹೋಗಿ ಸೇರಿದ್ದು ಸ್ಟೇಪಲ್ಸ್ ಸೆಂಟರಿನ ಹೊರಗೆ. ಹೂವಿಟ್ಟರು, ಜೆರ್ಸಿ ಇಟ್ಟರು, ಬ್ಯಾಸ್ಕೆಟ್‌ಬಾಲ್‌ಗಳ ಮೇಲೆ ಬರೆದಿಟ್ಟರು. ಆ ಹೊತ್ತಿಗೆ ಆ ಹೆಸರಿಗೂ ಅಂಗಡಿಗೂ ನಂಟು ಉಳಿದಿರಲಿಲ್ಲ. ಹದಿನೇಳು ಸೀಸನ್ ಆ ಮನುಷ್ಯ ಅಲ್ಲಿ ಆಡಿದ್ದು, ಜನ ಅದನ್ನು ನೋಡಿ ಬೆಳೆದದ್ದು, ಎಲ್ಲ ಸೇರಿ ಆ ಹೆಸರನ್ನು ಅಂಗಡಿಯಿಂದ ಬಿಡಿಸಿ ತಮ್ಮದಾಗಿಸಿಕೊಂಡಿತ್ತು. ಪಿಟ್ಸ್‌ಬರ್ಗ್‌ನ ಸ್ಕೋರ್‌ಬೋರ್ಡಿನ ಮೇಲೆ ಎರಡು ದೊಡ್ಡ ಕೆಚಪ್ ಬಾಟಲಿಗಳಿದ್ದವು. ತಂಡ ಎದುರಾಳಿಯ ಗಡಿಯ ಹತ್ತಿರಕ್ಕೆ ನುಗ್ಗಿದಾಗ ಅವು ಬಾಗುತ್ತಿದ್ದವು, ಇಡೀ ಕ್ರೀಡಾಂಗಣ ಎದ್ದು ನಿಲ್ಲುತ್ತಿತ್ತು. ಜಾಹೀರಾತಿಗೆಂದೇ ಇಟ್ಟ ಬಾಟಲಿಗಳು ಹೌದು. ಅವು ಬಾಗಿದಾಗ ಹೆಗಲ ಮೇಲಿದ್ದ ಮಗು ಚಪ್ಪಾಳೆ ತಟ್ಟಿದ್ದನ್ನು ನೆನೆಯುವ ತಂದೆಗೆ ಅವು ಬರೀ ಜಾಹೀರಾತಲ್ಲ.

ಆದ್ದರಿಂದ ಕಂಪನಿಯ ಹೆಸರೆಂಬುದೇ ನಮ್ಮ ತಕರಾರಲ್ಲ. ಹೆಸರು ಬೇರು ಬಿಡಲು ವರ್ಷಗಳು ಬೇಕು. ಅದು ಬೇರು ಬಿಟ್ಟಿತು ಅನ್ನುವಷ್ಟರಲ್ಲಿ ನೀವು ಕಿತ್ತು ಇನ್ನೊಂದನ್ನು ನೆಡುತ್ತೀರಿ. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್ ಕ್ರೀಡಾಂಗಣ 2000ದಲ್ಲಿ ಕಲೋನಿಯಲ್ ಸ್ಟೇಡಿಯಂ ಆಗಿ ತೆರೆಯಿತು, 2002ರಲ್ಲಿ ಟೆಲ್‌ಸ್ಟ್ರಾ ಡೋಮ್, 2009ರಲ್ಲಿ ಎತಿಹಾದ್ ಸ್ಟೇಡಿಯಂ, 2018ರಲ್ಲಿ ಮಾರ್ವೆಲ್ ಸ್ಟೇಡಿಯಂ. ಒಂದೇ ಮನೆಯ ಅಜ್ಜ, ಮಗ, ಮೊಮ್ಮಗ ತಾವು ನೋಡಿದ ಪಂದ್ಯಗಳ ಬಗ್ಗೆ ಮಾತಾಡಲು ಕೂತರೆ ಯಾವ ಹೆಸರು ಹಿಡಿದು ಮಾತಾಡಬೇಕು?

ಕಂಪನಿಗಳ ಆಯುಷ್ಯದ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಒಪ್ಪಂದಕ್ಕೆ ಸಹಿ ಹಾಕುವಾಗ ಇದು ಯಾರಿಗೂ ನೆನಪಾಗುವಂತೆ ಕಾಣುವುದಿಲ್ಲ. ಹ್ಯೂಸ್ಟನ್‌ನ ಬೇಸ್‌ಬಾಲ್ ಕ್ರೀಡಾಂಗಣ 2000ದಲ್ಲಿ ಎನ್ರಾನ್ ಫೀಲ್ಡ್ ಎಂದು ತೆರೆಯಿತು. ಒಪ್ಪಂದ 30 ವರ್ಷಕ್ಕೆ, 10 ಕೋಟಿ ಡಾಲರಿಗೂ ಮೇಲ್ಪಟ್ಟದ್ದು. 2001ರ ಡಿಸೆಂಬರಿನಲ್ಲಿ ಎನ್ರಾನ್ ದಿವಾಳಿಯೆದ್ದಿತು. ನೌಕರರು ಕೆಲಸದ ಜೊತೆಗೆ ನಿವೃತ್ತಿಗೆಂದು ಕೂಡಿಟ್ಟ ಉಳಿತಾಯವನ್ನೂ ಕಳೆದುಕೊಂಡರು. ಅದೇ ಊರಿನ ಜನ ಆ ಹೆಸರಿನ ಕೆಳಗೆ ಕೂತು ಆಟ ನೋಡಬೇಕಿತ್ತು. ಹೆಸರು ತೆಗೆಯಲೂ ತಂಡ 21 ಲಕ್ಷ ಡಾಲರ್ ಕೊಡಬೇಕಾಯಿತು! ಮಯಾಮಿಯ ಅರೆನಾಗೆ 2021ರಲ್ಲಿ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೋ ವಿನಿಮಯ ಕಂಪನಿ 19 ವರ್ಷಕ್ಕೆ 13.5 ಕೋಟಿ ಡಾಲರಿಗೆ ಹೆಸರಿಟ್ಟಿತು. 2022ರ ನವೆಂಬರಿನಲ್ಲಿ ಆ ಕಂಪನಿ ಕುಸಿದುಬಿತ್ತು, ಒಪ್ಪಂದ ಕೊನೆಗೊಳಿಸಲು ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಡೆನ್ವರ್‌ನಲ್ಲಿ ಸ್ಪೋರ್ಟ್ಸ್ ಅಥಾರಿಟಿ ಎಂಬ ಅಂಗಡಿ ಸಾಲು 2016ರಲ್ಲಿ ಪೂರ್ತಿ ಮುಚ್ಚಿದ ಮೇಲೂ ಅದರ ಬೋರ್ಡು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕ್ರೀಡಾಂಗಣದ ನೆತ್ತಿಯ ಮೇಲೆ ಉಳಿಯಿತು. ಕ್ಲೀವ್‌ಲ್ಯಾಂಡ್‌ನಲ್ಲಿ ಫಸ್ಟ್‌ಎನರ್ಜಿ ಎಂಬ ವಿದ್ಯುತ್ ಕಂಪನಿ ಲಂಚದ ಹಗರಣದಲ್ಲಿ ಸಿಕ್ಕಿ 23 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿದ್ದು 2021ರಲ್ಲಿ. ಹೆಸರು ಇಳಿದದ್ದು 2023ರಲ್ಲಿ. ಅಲ್ಲಿಯವರೆಗೆ ಆಟಗಾರರು ಆಡಿದ್ದೂ ಮಕ್ಕಳು ಜೈಕಾರ ಹಾಕಿದ್ದೂ ಆ ಹೆಸರಿನಡಿಯಲ್ಲೇ.

ನಮ್ಮ ಡಬ್ಬಿಯಲ್ಲಿರುವ ಮೂರನೆಯ ಟಿಕೆಟಿನ ಹಿಂದಿನ ಕಥೆಯೂ ಇಂಥದೇ. ಅದನ್ನು ಬಿಡಿಸಿ ಹೇಳುವುದಿಲ್ಲ.

ಈಗ ನನಗೆ ತುಂಬ ಕಾಡುವ ಒಂದು ವಿಷಯಕ್ಕೆ ಬರುತ್ತೇನೆ. ಹೆಸರನ್ನು ಮುಟ್ಟುವಂತಿಲ್ಲ, ಒಪ್ಪಂದ ಅಂದರೆ ಒಪ್ಪಂದ ಎಂದು ನೀವು ನಮಗೆ ಹೇಳುತ್ತೀರಿ. ಆದರೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಅಥವಾ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾದ ದೊಡ್ಡ ಟೂರ್ನಿ ಬಂದಾಗ ಅದೇ ಹೆಸರನ್ನು ನೀವೇ ಮುಚ್ಚುತ್ತೀರಿ. ಆ ಟೂರ್ನಿಗಳಿಗೆ ತಮ್ಮದೇ ಪ್ರಾಯೋಜಕರಿದ್ದಾರೆ, ಬೇರೆ ಕಂಪನಿಯ ಹೆಸರು ಅಲ್ಲಿ ಕಾಣುವಂತಿಲ್ಲ ಎಂಬುದು ನಿಯಮ. 2006ರ ವಿಶ್ವಕಪ್‌ನಲ್ಲಿ ಅಲಿಯಾನ್ಸ್ ಹೆಸರು ಮಾಯವಾಗಿತ್ತು. 2024ರ ಯೂರೋ ಕಪ್‌ನಲ್ಲಿ ಅದೇ ಕ್ರೀಡಾಂಗಣ ‘ಮ್ಯೂನಿಕ್ ಫುಟ್‌ಬಾಲ್ ಅರೆನಾ’ ಆಗಿತ್ತು. 2026ರ ವಿಶ್ವಕಪ್ ಫೈನಲ್‌ಗೆ ಗೊತ್ತಾದ ಮೆಟ್‌ಲೈಫ್ ಸ್ಟೇಡಿಯಂಗೆ ಫಿಫಾ ಕೊಟ್ಟ ಹೆಸರು ‘ನ್ಯೂಯಾರ್ಕ್ ನ್ಯೂಜೆರ್ಸಿ ಸ್ಟೇಡಿಯಂ’. ದೊಡ್ಡ ಪ್ರಾಯೋಜಕರು ಕೇಳಿದರೆ ಹೆಸರು ಮುಚ್ಚಲು ಬಟ್ಟೆಯೂ ಸಿಗುತ್ತದೆ, ಏಣಿಯೂ ಸಿಗುತ್ತದೆ. ಐವತ್ತು ವರ್ಷದಿಂದ ಅದೇ ಸೀಟಿಗೆ ಬರುತ್ತಿರುವವರು ಕೇಳಿದರೆ ಮಾತ್ರ ಕಾನೂನು ಅಡ್ಡ ಬರುತ್ತದೆ.

ಮೆಕ್ಸಿಕೋದ ಅಜ್ಟೆಕಾ ಕ್ರೀಡಾಂಗಣವನ್ನು ನೆನೆದರೆ ನನಗೆ ಸಂಕಟವಾಗುತ್ತದೆ. 1970ರಲ್ಲಿ ಪೆಲೆ ಫೈನಲ್ ಗೆದ್ದ ಅಂಗಳ ಅದು. 1986ರ ಜೂನ್ 22ರಂದು ಡಿಯಾಗೊ ಮರಡೋನ ಇಂಗ್ಲೆಂಡಿನ ವಿರುದ್ಧ ಕೈಯಿಂದ ಒಂದು ಗೋಲು ತಳ್ಳಿ, ನಾಲ್ಕೇ ನಿಮಿಷದಲ್ಲಿ ಅರ್ಧ ಮೈದಾನದಿಂದ ಓಡಿಬಂದು ಇನ್ನೊಂದನ್ನು ಹೊಡೆದದ್ದೂ ಅಲ್ಲೇ. ಆ ದೇಶವನ್ನು ಕಣ್ಣಿಂದ ನೋಡದವರ ಬಾಯಲ್ಲೂ ಅಜ್ಟೆಕಾ ಎಂಬ ಪದ ಇದೆ. 2025ರಲ್ಲಿ ಅದಕ್ಕೆ ಬನೋರ್ಟೆ ಎಂಬ ಬ್ಯಾಂಕಿನ ಹೆಸರು ಬಂತು. 2026ರ ವಿಶ್ವಕಪ್‌ಗೆ ಫಿಫಾ ಅದನ್ನು ‘ಮೆಕ್ಸಿಕೋ ಸಿಟಿ ಸ್ಟೇಡಿಯಂ’ ಎಂದಿತು. ಮೂರನೆಯ ಸಲ ವಿಶ್ವಕಪ್ ಪಂದ್ಯಗಳ ಭಾಗ್ಯ ಪಡೆದ ಅಂಗಳಕ್ಕೆ ಟೂರ್ನಿಯ ಪಟ್ಟಿಯಲ್ಲಿ ಬ್ಯಾಂಕಿನ ಹೆಸರೂ ಇಲ್ಲ, ತನ್ನ ಹೆಸರೂ ಇಲ್ಲ.

ಬೇರೆ ದಾರಿ ಇಲ್ಲವೇ ಇಲ್ಲ ಎನ್ನುವುದಾದರೆ ನ್ಯೂರೆಂಬರ್ಗ್‌ಗೆ ಹೋಗಿಬನ್ನಿ. ಅಲ್ಲಿನ ಫ್ರಾಂಕೆನ್ ಸ್ಟಾಡಿಯಾನ್‌ಗೆ ಮೊದಲು ಒಂದು ಸಾಲದ ಸಂಸ್ಥೆಯ ಹೆಸರು, ಆಮೇಲೆ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯ ಹೆಸರು ಬಂದಿತ್ತು. ಅಭಿಮಾನಿಗಳು ವರ್ಷಗಟ್ಟಲೆ ಕೇಳಿದ್ದು ಒಂದೇ, ಮ್ಯಾಕ್ಸ್ ಮಾರ್ಲಾಕ್ ಅವರ ಹೆಸರಿಡಿ ಎಂದು. 1954ರ ವಿಶ್ವಕಪ್ ಫೈನಲ್‌ನಲ್ಲಿ ಎರಡು ಗೋಲು ಹಿಂದಿದ್ದ ಜರ್ಮನಿಗೆ ಮೊದಲ ಗೋಲು ತಂದುಕೊಟ್ಟವರು ಅವರು, ಬೇರೆ ಕ್ಲಬ್ಬಿಗೆ ಹೋಗದೆ ಅದೇ ಊರಿನ ತಂಡಕ್ಕೆ ಆಡಿದವರು. 2017ರಲ್ಲಿ ಕಾನ್ಸೋರ್ಸ್‌ಬ್ಯಾಂಕ್ ಹಕ್ಕು ಕೊಂಡಿತು, ಅಭಿಮಾನಿಗಳೂ ತಮ್ಮ ಕೈಲಾದಷ್ಟು ಹಣ ಕೂಡಿಸಿ ಕೊಟ್ಟರು, ಗೋಡೆಯ ಮೇಲೆ ಮ್ಯಾಕ್ಸ್ ಮಾರ್ಲಾಕ್ ಹೆಸರು ಏರಿತು. ಬ್ಯಾಂಕು ಹಣ ಕೊಟ್ಟು ಇನ್ನೊಬ್ಬರ ಹೆಸರು ಇಟ್ಟಿತು. ಆ ಬ್ಯಾಂಕಿನ ಹೆಸರು ಇಷ್ಟು ದೂರದಲ್ಲಿರುವ ನನಗೆ ಗೊತ್ತಾದದ್ದೇ ಈ ಕಾರಣಕ್ಕೆ. ಹ್ಯಾಂಬರ್ಗ್‌ನ ಫೋಕ್ಸ್‌ಪಾರ್ಕ್ ಸ್ಟಾಡಿಯಾನ್ 2001ರಿಂದ ಮೂರು ಕಂಪನಿಗಳ ಹೆಸರು ಹೊತ್ತು ದಣಿದಿತ್ತು. 2015ರಲ್ಲಿ ಕ್ಲಾಸ್-ಮೈಕೆಲ್ ಕ್ಯೂನೆ ಎಂಬ ಉದ್ಯಮಿ ಹಕ್ಕು ಕೊಂಡು ಹಳೆಯ ಹೆಸರನ್ನೇ ಮರಳಿಸಿದರು.

ಬಾರ್ಸಿಲೋನಾದವರು 2022ರಲ್ಲಿ ಸ್ಪಾಟಿಫೈ ಹೆಸರನ್ನು ಮುಂದೆ ಸೇರಿಸಿದರು, ಕ್ಯಾಂಪ್ ನೂ ಎಂಬುದನ್ನು ಹಾಗೇ ಉಳಿಸಿದರು. ಅದಕ್ಕೆ ಮೊದಲು ಸದಸ್ಯರ ಪ್ರತಿನಿಧಿಗಳ ಸಭೆ ಕರೆದು ಮತ ಹಾಕಿಸಿದರು. ಕೇಳಿದ್ದಕ್ಕೆ ಸದಸ್ಯರು ಬೇಡವೆನ್ನಲಿಲ್ಲ, ಭಾರಿ ಬಹುಮತದಿಂದ ಒಪ್ಪಿದರು. ಡೆನ್ವರ್‌ನಲ್ಲಿ 2001ರಲ್ಲಿ ಕಟ್ಟಿದ ಹೊಸ ಕ್ರೀಡಾಂಗಣಕ್ಕೆ ಇನ್ವೆಸ್ಕೋ ಎಂಬ ಕಂಪನಿಯ ಹೆಸರು ಬಂದಾಗ ಜನರ ಒತ್ತಾಯಕ್ಕೆ ಹಳೆಯ ‘ಮೈಲ್ ಹೈ’ ಎಂಬುದನ್ನು ಜೊತೆಗೆ ಉಳಿಸಿಕೊಂಡರು. ಅಲ್ಲಿನ ‘ದಿ ಡೆನ್ವರ್ ಪೋಸ್ಟ್’ ಪತ್ರಿಕೆ ಮೊದಲ ಕೆಲವು ವರ್ಷ ಕಂಪನಿಯ ಹೆಸರನ್ನು ಅಚ್ಚು ಹಾಕಲೇ ಇಲ್ಲ. ಕಂಪನಿಗಳು ಮೂರು ಬದಲಾದವು, ಮೈಲ್ ಹೈ ಕೂತಲ್ಲೇ ಕೂತಿದೆ.

ಹಾಗಾಗಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಹಳೆಯ ಕ್ರೀಡಾಂಗಣವಾದರೆ ಅದರ ಹೆಸರನ್ನು ಅಳಿಸಬೇಡಿ, ನಿಮ್ಮ ಹೆಸರನ್ನು ಅದರ ಮುಂದೆ ಇಟ್ಟುಕೊಳ್ಳಿ. ಟಿಕೆಟಿನ ಮೇಲೆ, ಗೋಡೆಯ ಮೇಲೆ, ಹಾದಿ ತೋರುವ ಫಲಕಗಳ ಮೇಲೆ ಎರಡೂ ಇರಲಿ. ಸಹಿ ಹಾಕುವ ಮುಂಚೆ ಸೀಸನ್ ಟಿಕೆಟ್ ಇರುವವರನ್ನು ಕರೆದು ಕೂರಿಸಿ ಕೇಳಿ. ಬಾರ್ಸಿಲೋನಾದಷ್ಟು ದೊಡ್ಡ ಕ್ಲಬ್ಬಿಗೆ ಸಾಧ್ಯವಾದದ್ದು ಉಳಿದವರಿಗೆ ಕಷ್ಟವಾಗಬಾರದು. ಜನರ ತೆರಿಗೆಯಲ್ಲಿ ಕಟ್ಟಿದ ಕ್ರೀಡಾಂಗಣವಾದರೆ ಹೆಸರು ಮಾರಿದ ಹಣದಲ್ಲಿ ಎಷ್ಟು ಪಾಲು ಆ ಜನರಿಗೆ ಮರಳುತ್ತದೆ ಎಂದು ಲೆಕ್ಕ ಬಹಿರಂಗಪಡಿಸಿ. ಜನ ಕಟ್ಟಿದ ಗೋಡೆಯನ್ನು ಬಾಡಿಗೆಗೆ ಕೊಟ್ಟು ಬಾಡಿಗೆಯಷ್ಟನ್ನೂ ತಂಡದ ಮಾಲೀಕರೇ ಇಟ್ಟುಕೊಳ್ಳುವುದು ಯಾವ ನ್ಯಾಯಕ್ಕೂ ಒಗ್ಗುವುದಿಲ್ಲ. ಒಪ್ಪಂದದಲ್ಲಿ ಒಂದು ಕಲಮನ್ನು ಈಗಲೇ ಬರೆಸಿ: ಕಂಪನಿ ದಿವಾಳಿಯಾದರೆ, ವಂಚನೆಯಲ್ಲಿ ಸಿಕ್ಕಿಬಿದ್ದರೆ, ಅಥವಾ ಅವಧಿ ಮುಗಿದರೆ, ಹೊಸ ಗಿರಾಕಿ ಸಿಗುವವರೆಗೆ ಕಾಯದೆ ಹಳೆಯ ಹೆಸರು ತಾನಾಗಿ ಮರಳಬೇಕು. ಹೊಸ ಕ್ರೀಡಾಂಗಣಕ್ಕೆ ಹೆಸರಿಡುವುದಾದರೆ ಇಡಿ, ಆದರೆ ಇಟ್ಟ ಮೇಲೆ ಅದನ್ನು ಬೆಳೆಯಲು ಬಿಡಿ. ಮೂರು ವರ್ಷಕ್ಕೊಮ್ಮೆ ಬದಲಿಸುವುದಕ್ಕಿಂತ ಇಡದಿರುವುದೇ ಲೇಸು.

ಕಂಪನಿಗಳ ಮುಖ್ಯಸ್ಥರಲ್ಲಿ ಪ್ರತ್ಯೇಕವಾಗಿ ಒಂದು ಮಾತು. ನೀವು ಕೊಳ್ಳುತ್ತಿರುವುದು ನಮ್ಮ ಒಲವಿನ ನೆರಳಲ್ಲಿ ಒಂದು ಜಾಗ. ಆ ಜಾಗದ ಹಳೆಯ ಹೆಸರನ್ನು ನೀವೇ ಇಳಿಸಿದರೆ ಮೊದಲ ದಿನವೇ ಆ ಒಲವು ನಿಮ್ಮ ವಿರುದ್ಧ ತಿರುಗಿರುತ್ತದೆ. ಪಂದ್ಯ ಸೋತ ರಾತ್ರಿ ಹೊರಗೆ ಬರುವಾಗ ಜನ ಆ ಬೋರ್ಡನ್ನು ನೋಡುವ ನೋಟವನ್ನು ನೀವು ಒಮ್ಮೆ ಗೇಟಿನ ಬಳಿ ನಿಂತು ನೋಡಬೇಕು. ಅದನ್ನು ಯಾವ ಮಾರುಕಟ್ಟೆ ವರದಿಯೂ ನಿಮಗೆ ಹೇಳುವುದಿಲ್ಲ.

ನಮ್ಮ ಕ್ರೀಡಾಂಗಣದ ಈಗಿನ ಒಪ್ಪಂದ ಮುಗಿಯುವ ಕಾಲ ಹತ್ತಿರವಾಗಿದೆ ಎಂದು ಸುದ್ದಿ. ಇಳಿಸಿದ ಕಬ್ಬಿಣದ ಅಕ್ಷರಗಳನ್ನು ಹಿಂಭಾಗದ ಉಗ್ರಾಣದಲ್ಲಿ ಗೋಡೆಗೊರಗಿಸಿ ಇಟ್ಟಿದ್ದಾರೆ. ಮೈದಾನದ ಕೆಲಸಗಾರರೊಬ್ಬರು ಕಳೆದ ಸೀಸನ್‌ನಲ್ಲಿ ಬಾಗಿಲು ತೆರೆದು ತೋರಿಸಿದರು. ತುಕ್ಕು ಹಿಡಿದಿದೆ, ಒಂದು ಅಕ್ಷರದ ಕಾಲು ಸ್ವಲ್ಪ ಬಾಗಿದೆ, ಉಳಿದಂತೆ ಎಲ್ಲ ಇವೆ. ಎಣಿಸಿ ನೋಡಿದೆ, ಒಂದೂ ಕಳೆದಿಲ್ಲ. ಮರಳಿ ಏರಿಸಲು ಕ್ರೇನಿನ ಒಂದು ದಿನದ ಕೆಲಸ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಅದೇ ಗೇಟು, ಅದೇ ಸ್ಟ್ಯಾಂಡು, ಅದೇ ಸಾಲಿನ ಒಬ್ಬ ಅಭಿಮಾನಿ